ಒಂದಕ್ಕೊಂದು ಆಗಿಬರದ ಮಾತ್ರೆಗಳು: ನಿಮ್ಮ ಔಷಧಪಟ್ಟಿ ಯಾರ ಕೈಯಲ್ಲಿರಬೇಕು?

ತಾಲ್ಲೂಕು ಕೇಂದ್ರವೊಂದರ ಔಷಧ ಅಂಗಡಿಯಲ್ಲಿ ನಾನು ಫಾರ್ಮಸಿಸ್ಟ್. ಒಂದು ಸಂತೆಯ ದಿನ ವಯಸ್ಸಾದ ಯಜಮಾನರೊಬ್ಬರು ಬಂದು, "ಮಂಡಿನೋವಿಗೆ ಒಂದು ಹತ್ತು ಮಾತ್ರೆ ಕೊಡಮ್ಮ" ಎಂದರು. ಬೇರೆ ಮಾತ್ರೆ ಏನಾದರೂ ನಡೆಯುತ್ತಿದೆಯೇ ಎಂದು ಕೇಳಿದೆ. "ಬಿ.ಪಿ.ಗೆ ಒಂದು, ಅಷ್ಟೇ" ಎಂದರು. ದುಡ್ಡು ತೆಗೆಯಲು ಜೇಬಿಗೆ ಕೈ ಹಾಕಿದಾಗ ನೋಟಿನ ಜೊತೆಗೆ ಅರ್ಧ ಖಾಲಿಯಾದ ಸ್ಟ್ರಿಪ್ ಹೊರಬಂತು: ಅಸೆನೊಕೌಮರಾಲ್. ಹೃದಯದ ಕವಾಟ ಬದಲಿಸಿದವರಿಗೆ ರಕ್ತ ಹೆಪ್ಪುಗಟ್ಟದಿರಲೆಂದು ಕೊಡುವ ಮಾತ್ರೆ ಅದು. ಅದರ ಮೇಲೆ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ನುಂಗಿದ್ದರೆ ಹೊಟ್ಟೆಯೊಳಗೆ ರಕ್ತಸ್ರಾವವಾಗಬಹುದಿತ್ತು. ಅವರು ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಅದು 'ಆಪರೇಷನ್ನಿನ ಗುಳಿಗೆ'. ನಾನು ಕೇಳಿದ 'ಮಾತ್ರೆ'ಯ ಲೆಕ್ಕಕ್ಕೆ ಅದು ಸೇರಿರಲಿಲ್ಲ.

ಇನ್ನೊಂದು ಸಂಜೆ ಒಬ್ಬ ಹೆಣ್ಣುಮಗಳು ಅಂಗಡಿ ಖಾಲಿಯಾಗುವವರೆಗೂ ಪಕ್ಕದಲ್ಲಿ ನಿಂತು ಕಾದರು. ಕ್ಯಾಲ್ಸಿಯಂ ಮಾತ್ರೆಯ ಚೀಟಿ ಕೊಟ್ಟು, "ಇದನ್ನು ನನ್ನ ಇನ್ನೊಂದು ಮಾತ್ರೆಯ ಜೊತೆ ತೆಗೆದುಕೊಳ್ಳಬಹುದೇ?" ಎಂದರು. ಯಾವ ಮಾತ್ರೆ ಎಂದಾಗ ಬಾಯಿ ಬಿಡಲಿಲ್ಲ. ಅಂಗೈಯಲ್ಲಿದ್ದ ಕಾಗದದ ಚೂರನ್ನು ಮುಂದೆ ಮಾಡಿದರು. ಅದರಲ್ಲಿದ್ದುದು ಒಂದೇ ಪದ: ಡೊಲುಟೆಗ್ರಾವಿರ್. ಎಚ್‌ಐವಿ ಚಿಕಿತ್ಸೆಯಲ್ಲಿ ಎ.ಆರ್.ಟಿ. ಕೇಂದ್ರಗಳು ಉಚಿತವಾಗಿ ಕೊಡುವ ಔಷಧ. ಕ್ಯಾಲ್ಸಿಯಂ ಅದನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುವುದರಿಂದ ರಕ್ತಕ್ಕೆ ಸೇರುವ ಪ್ರಮಾಣ ಇಳಿದುಬಿಡುತ್ತದೆ. ಕ್ಯಾಲ್ಸಿಯಂ ನುಂಗುವುದಕ್ಕೆ 2 ಗಂಟೆ ಮೊದಲು ಅಥವಾ ನುಂಗಿದ 6 ಗಂಟೆಯ ನಂತರ ಅದನ್ನು ತೆಗೆದುಕೊಳ್ಳಿ ಎಂದು ಅದೇ ಚೂರಿನ ಹಿಂದೆ ಬರೆದುಕೊಟ್ಟೆ. ಅವರ ಹೆಸರನ್ನು ನಾನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. (ಇಬ್ಬರ ಗುರುತೂ ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಮೊದಲನೆಯವರಿಗೆ ಮರೆವು, ಎರಡನೆಯವರಿಗೆ ಭಯ. ಆಗಿಬರದ ಮಾತ್ರೆಗಳು ಒಂದೇ ಹೊಟ್ಟೆಗೆ ಸೇರಲು ಈ ಎರಡು ಸಾಕು. ಎಲ್ಲ ಮಾತ್ರೆಗಳನ್ನೂ ಒಂದೆಡೆ ಬರೆದಿಟ್ಟರೆ ಮರೆವಿಗೆ ಮದ್ದಾಯಿತು. ಆದರೆ ಆ ಪಟ್ಟಿ ಯಾರ ಕಣ್ಣಿಗೆ ಬೀಳುತ್ತದೆ ಎಂಬ ಭಯ ಹಾಗೇ ಉಳಿಯುತ್ತದೆ. ಪಟ್ಟಿಯನ್ನು ಎಲ್ಲಿಡಬೇಕೆಂದು ಆರಿಸುವಾಗ ಎರಡನ್ನೂ ತೂಗಲೇಬೇಕು.

ಮುಚ್ಚಿಟ್ಟದ್ದೇ ಮುಳುವಾದಾಗ

1993ರಲ್ಲಿ ಜಪಾನಿನಲ್ಲಿ ಸರ್ಪಸುತ್ತಿಗೆ ಸೊರಿವುಡಿನ್ ಎಂಬ ಹೊಸ ಔಷಧ ಮಾರುಕಟ್ಟೆಗೆ ಬಂತು. ಕ್ಯಾನ್ಸರ್‌ಗೆ ಫ್ಲೋರೋಯುರಾಸಿಲ್ ಗುಂಪಿನ ಮಾತ್ರೆ ಸೇವಿಸುತ್ತಿದ್ದವರಿಗೆ ಸರ್ಪಸುತ್ತು ಬಂದಾಗ ಇದನ್ನೂ ಕೊಟ್ಟರು. ಕ್ಯಾನ್ಸರ್ ಔಷಧವನ್ನು ದೇಹದಲ್ಲಿ ಒಡೆದು ಹೊರಹಾಕುವ ಕಿಣ್ವವನ್ನೇ ಸೊರಿವುಡಿನ್ ಕಟ್ಟಿಹಾಕುತ್ತಿತ್ತು. ಔಷಧ ರಕ್ತದಲ್ಲಿ ಏರುತ್ತಾ ಹೋಗಿ, ಕೆಲವೇ ವಾರಗಳಲ್ಲಿ 15 ಮಂದಿ ತೀರಿಹೋದರು. ಆ ಕಾಲದ ಜಪಾನಿನಲ್ಲಿ ಕ್ಯಾನ್ಸರ್ ಇದೆಯೆಂದು ರೋಗಿಗೇ ಹೇಳದಿರುವುದು ವಾಡಿಕೆಯಾಗಿತ್ತು. ತಾನು ಯಾವ ರೋಗಕ್ಕೆ ಏನು ನುಂಗುತ್ತಿದ್ದೇನೆಂದು ತಿಳಿಯದವರು ಚರ್ಮದ ವೈದ್ಯರಿಗೆ ಏನೆಂದು ಹೇಳಿಯಾರು? ನಮ್ಮ ಮನೆಗಳಲ್ಲಿಯೂ "ಅಪ್ಪನಿಗೆ ಹೇಳಬೇಡಿ, ಎದೆಗುಂದುತ್ತಾರೆ" ಎಂದು ಮಕ್ಕಳು ನನ್ನೆದುರು ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿಕೊಂಡಿದ್ದಾರೆ. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ರೋಗದ ಹೆಸರನ್ನು ಮುಚ್ಚಿಡುವುದಾದರೂ ಮಾತ್ರೆಯ ಹೆಸರನ್ನು ಅವರ ಕೈಗೆ ಕೊಡಿ ಎಂದು ಬೇಡಿಕೊಳ್ಳುತ್ತೇನೆ.

ಆ ಸಾವುಗಳ ನಂತರ ಜಪಾನಿನಲ್ಲಿ ಹರಡಿದ್ದು 'ಒಕುಸುರಿ ತೆಚೊ' ಎಂಬ ಸಣ್ಣ ಔಷಧ ಪುಸ್ತಕ. ಯಾವ ಅಂಗಡಿಯಲ್ಲಿ ಔಷಧ ಕೊಂಡರೂ ಅದರ ವಿವರದ ಚೀಟಿಯನ್ನು ಪುಸ್ತಕದಲ್ಲಿ ಅಂಟಿಸುತ್ತಾರೆ, ಪುಸ್ತಕ ರೋಗಿಯ ಬಳಿಯೇ ಇರುತ್ತದೆ. 2011ರ ಸುನಾಮಿಯಲ್ಲಿ ಆಸ್ಪತ್ರೆಗಳ ದಾಖಲೆಗಳೇ ಕೊಚ್ಚಿಹೋದಾಗ, ಶಿಬಿರಗಳಲ್ಲಿದ್ದ ವೈದ್ಯರಿಗೆ ಜನರ ಚೀಲದಲ್ಲಿದ್ದ ಈ ಪುಸ್ತಕಗಳು ನೆರವಾದವು.

ಕಾಗದದ ಪುಸ್ತಕ

ನನ್ನ ಒಲವು ಮೊದಲಿನಿಂದಲೂ ಇದರ ಕಡೆಗೆ. ಅಂಗೈಯಗಲದ ನೋಟ್‌ಬುಕ್ ಸಾಕು. ಅದಕ್ಕೆ ಚಾರ್ಜ್ ಬೇಡ, ಪಾಸ್‌ವರ್ಡ್ ಬೇಡ, ನೆಟ್‌ವರ್ಕ್ ಬೇಡ. ಯಾರಿಗೆ ತೋರಿಸಬೇಕೋ ಅವರೆದುರು ತೆರೆದು, ಕೆಲಸ ಮುಗಿದ ಮೇಲೆ ಮುಚ್ಚಿ ಒಳಗಿಟ್ಟುಕೊಳ್ಳಬಹುದು. ನೋಡಿದವರ ಬಳಿ ಪ್ರತಿ ಉಳಿಯುವುದಿಲ್ಲ. ಇಷ್ಟು ಗಟ್ಟಿಯಾದ ಗೋಪ್ಯತೆ ಬೇರೆ ಯಾವ ದಾರಿಯಲ್ಲೂ ಇಲ್ಲ.

ಅದರಲ್ಲಿ ಬರೆಯುವ ರೀತಿಯೇ ಅರ್ಧ ಕೆಲಸ. 'ಬಿಳಿ ಮಾತ್ರೆ, ರಾತ್ರಿ ಒಂದು' ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಬ್ರಾಂಡಿನ ಹೆಸರೊಂದೇ ಇದ್ದರೂ ಸಾಲದು, ಏಕೆಂದರೆ ಒಂದೇ ಔಷಧ ಹತ್ತಾರು ಹೆಸರುಗಳಲ್ಲಿ ಬರುತ್ತದೆ. ಜ್ವರಕ್ಕೆಂದು ಒಂದು ಕಂಪನಿಯ ಪ್ಯಾರಸಿಟಮಾಲ್, ಮೈಕೈ ನೋವಿಗೆಂದು ಪ್ಯಾರಸಿಟಮಾಲ್ ಬೆರೆತ ಇನ್ನೊಂದು, ನೆಗಡಿಗೆಂದು ಅದೇ ಬೆರೆತ ಮತ್ತೊಂದು: ಮೂರನ್ನೂ ಒಂದೇ ದಿನ ನುಂಗಿ ಬಂದವರನ್ನು ನೋಡಿದ್ದೇನೆ. ಆದ್ದರಿಂದ ಸ್ಟ್ರಿಪ್ಪಿನ ಮೇಲಿರುವ ಔಷಧದ ಮೂಲ ಹೆಸರು, ಎಷ್ಟು ಮಿಲಿಗ್ರಾಂ, ದಿನದ ಯಾವ ಹೊತ್ತು, ಯಾವಾಗಿನಿಂದ, ಇಷ್ಟನ್ನು ಬರೆಯಿರಿ. ನಿಲ್ಲಿಸಿದ ಮಾತ್ರೆಯನ್ನು ಅಳಿಸದೆ, ಒಂದು ಗೆರೆ ಎಳೆದು ನಿಲ್ಲಿಸಿದ ದಿನಾಂಕ ಹಾಕಿ. ಕೆಲವು ಔಷಧಗಳ ಪ್ರಭಾವ ನಿಲ್ಲಿಸಿದ ಮೇಲೂ ವಾರಗಟ್ಟಲೆ ದೇಹದಲ್ಲಿರುತ್ತದೆ.

ಇಲ್ಲಿ ಬಿಟ್ಟುಬಿಡಬೇಕಾದದ್ದು ರೋಗದ ಹೆಸರು. ಮಾತ್ರೆಗಳ ನಡುವಿನ ಜಗಳ ತಿಳಿಯಲು ಮಾತ್ರೆಗಳ ಹೆಸರು ಬೇಕು, 'ಯಾಕೆ' ಎಂಬುದು ಸಾಮಾನ್ಯವಾಗಿ ಬೇಡ. ಪುಸ್ತಕ ಬಸ್ಸಿನಲ್ಲಿ ಬಿದ್ದುಹೋದರೂ ಸಿಕ್ಕವರಿಗೆ ಅದು ಇಂಗ್ಲಿಷ್ ಪದಗಳ ಸಾಲು ಮಾತ್ರ. ಹಾಗೆಂದು ಇದು ಪೂರ್ತಿ ಮರೆಯೂ ಅಲ್ಲ. ಲಿಥಿಯಂ ಎಂಬ ಹೆಸರನ್ನು ಮೊಬೈಲಿನಲ್ಲಿ ಹುಡುಕಿದರೆ ಅದು ಮನಸ್ಸಿನ ಕಾಯಿಲೆಗೆಂದು ಯಾರಿಗಾದರೂ ತಿಳಿಯುತ್ತದೆ. ಅಂಥ ಮಾತ್ರೆ ಇದ್ದವರಿಗೆ ಎರಡು ಹಾಳೆಗಳ ದಾರಿ ಹೇಳುತ್ತೇನೆ: ಎಲ್ಲರಿಗೂ ತೋರಿಸಬಹುದಾದದ್ದು ಪುಸ್ತಕದಲ್ಲಿ, ತೋರಿಸಲು ಮನಸ್ಸಿಲ್ಲದ್ದು ಪರ್ಸಿನ ಒಳಮಡಿಕೆಯ ಚೀಟಿಯಲ್ಲಿ. ಪುಸ್ತಕದ ಕೊನೆಗೆ 'ಪಟ್ಟಿ ಅಪೂರ್ಣ, ದಯವಿಟ್ಟು ನನ್ನನ್ನು ಒಬ್ಬಂಟಿಯಾಗಿ ಕೇಳಿ' ಎಂಬ ಒಂದು ಸಾಲು. ಅದಿಲ್ಲದಿದ್ದರೆ ವೈದ್ಯರು ಅರ್ಧ ಪಟ್ಟಿಯನ್ನೇ ಪೂರ್ತಿಯೆಂದು ನಂಬುತ್ತಾರೆ. ಅದು ಪಟ್ಟಿಯೇ ಇಲ್ಲದಿರುವುದಕ್ಕಿಂತ ಅಪಾಯ.

ಕಾಗದದ ದೌರ್ಬಲ್ಯವೂ ಸಣ್ಣದಲ್ಲ. ಬರೆಯುವವರು ಬೇಕು. ಕಣ್ಣು ಮಂಜಾದವರಿಗೆ, ಓದು ಬರಹ ಬಾರದವರಿಗೆ ಇನ್ನೊಬ್ಬರ ಕೈ ಬೇಕು. ಮೂರು ತಿಂಗಳ ಹಿಂದಿನ ಪಟ್ಟಿ ತಪ್ಪುದಾರಿಗೆ ಎಳೆಯುತ್ತದೆ. ಮುಖ್ಯವಾಗಿ, ಪುಸ್ತಕ ತಾನಾಗಿ ಎಚ್ಚರಿಸುವುದಿಲ್ಲ. ಓದಬಲ್ಲವರೊಬ್ಬರು ಅದನ್ನು ತೆರೆದು ನೋಡಬೇಕು.

ಒಂದೇ ಔಷಧ ಅಂಗಡಿ

ಓದಬಲ್ಲ ಆ ವ್ಯಕ್ತಿ ಖಾಯಂ ಫಾರ್ಮಸಿಸ್ಟ್ ಆಗಬಹುದು. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ ಔಷಧ ಕೊಡುವಾಗ ತಿಳಿಹೇಳುವುದನ್ನೂ ರೋಗಿಯ ಗುಟ್ಟನ್ನು ಕಾಯುವುದನ್ನೂ ನಮ್ಮ ಕರ್ತವ್ಯವೆಂದೇ ಹೇಳುತ್ತದೆ. ವರ್ಷಗಟ್ಟಲೆ ಒಂದೇ ಅಂಗಡಿಗೆ ಬರುವವರ ಹೊಸ ಚೀಟಿ ನೋಡಿದೊಡನೆ "ಇದು ನಿಮ್ಮ ಹಳೆಯ ಮಾತ್ರೆಗೆ ಆಗಿಬರುವುದಿಲ್ಲ" ಎನ್ನಲು ನನಗೆ ಸಾಧ್ಯವಾಗಿದೆ. ಸಂಧಿವಾತಕ್ಕೆ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೆ ಬೇರೊಬ್ಬ ವೈದ್ಯರು ಮೂತ್ರದ ಸೋಂಕಿಗೆಂದು ಕೋ-ಟ್ರೈಮಾಕ್ಸಜೋಲ್ ಬರೆದಿದ್ದನ್ನು ಹೀಗೆಯೇ ತಡೆದೆವು. ಆ ಜೋಡಿ ಮೂಳೆಮಜ್ಜೆಯಲ್ಲಿ ರಕ್ತಕಣಗಳ ಹುಟ್ಟನ್ನೇ ಕುಗ್ಗಿಸಬಲ್ಲದು. ವೈದ್ಯರಿಗೆ ಫೋನ್ ಮಾಡಿದೆ, ಅವರು ಕೂಡಲೇ ಬೇರೆ ಔಷಧ ಬರೆದರು.

ಆದರೆ ಊರಿನ ಅಂಗಡಿಯ ಕೌಂಟರ್ ಎಂದರೆ ಅರಳಿಕಟ್ಟೆಯಷ್ಟೇ ಬಯಲು. ಹಿಂದೆ ನಿಂತವರಿಗೆ ಎಲ್ಲವೂ ಕೇಳಿಸುತ್ತದೆ. ಬಿಲ್ಲು ಹಾಕುವ ಹುಡುಗ ನಿಮ್ಮ ಪಕ್ಕದ ಬೀದಿಯವನಾಗಿರುತ್ತಾನೆ. ಕೆಲವು ಆ್ಯಂಟಿಬಯೋಟಿಕ್, ಕ್ಷಯದ ಔಷಧ, ಅಭ್ಯಾಸವಾಗಬಲ್ಲ ನಿದ್ದೆಮಾತ್ರೆಗಳು ಔಷಧ ನಿಯಮಗಳ 'ಎಚ್1' ಅನುಸೂಚಿಯಲ್ಲಿವೆ. 2014ರಿಂದ ಅವುಗಳನ್ನು ಕೊಟ್ಟಾಗ ರೋಗಿಯ ಹೆಸರು, ವೈದ್ಯರ ಹೆಸರು, ಔಷಧದ ಪ್ರಮಾಣವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು 3 ವರ್ಷ ಇಡಬೇಕು. ಆ ಪುಸ್ತಕ ಎಲ್ಲರ ಕಣ್ಣೆದುರು ಬಿದ್ದಿರುವ ಅಂಗಡಿಯಾದರೆ ಬೇರೆ ಅಂಗಡಿ ನೋಡಿಕೊಳ್ಳಿ. ನಾಚಿಕೆಯ ಮಾತ್ರೆಯೊಂದನ್ನು ಮಾತ್ರ ಪಕ್ಕದ ಊರಿನಲ್ಲಿ ಕೊಳ್ಳುವವರು ಬಹಳ. ಅವರನ್ನು ನಾನು ತಪ್ಪೆನ್ನುವುದಿಲ್ಲ. ಹಾಗೆ ಕೊಂಡಾಗ ಆ ಹೆಸರು ಒಳಮಡಿಕೆಯ ಚೀಟಿಗೆ ಬರಲೇಬೇಕು, ಅಷ್ಟೇ.

ಅಂಗಡಿಗೆ ಗೊತ್ತೇ ಆಗದ ಔಷಧಗಳೂ ಇವೆ. ಎ.ಆರ್.ಟಿ. ಕೇಂದ್ರದ್ದು, ಪ್ರಾಥಮಿಕ ಆರೋಗ್ಯ ಕೇಂದ್ರದ ಕ್ಷಯದ ಮಾತ್ರೆ, ಆಶಾ ಕಾರ್ಯಕರ್ತೆ ಕೊಟ್ಟ ಗರ್ಭನಿರೋಧಕ ಗುಳಿಗೆ, ನಾಟಿ ಔಷಧ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಗರ್ಭನಿರೋಧಕ ಗುಳಿಗೆಯ ಬಲವನ್ನು ಕುಗ್ಗಿಸುತ್ತದೆ. ಎರಡೂ ಬೇರೆ ಬೇರೆ ಕೈಗಳಿಂದ ಬರುತ್ತವೆ, ಎರಡನ್ನೂ ಆಕೆ ಮನೆಯವರಿಂದ ಮುಚ್ಚಿಟ್ಟಿರಬಹುದು. ಎಷ್ಟೇ ಒಳ್ಳೆಯ ಫಾರ್ಮಸಿಸ್ಟ್ ಇದ್ದರೂ ಅವರ ಕಣ್ಣಿಗೆ ಇದು ಬೀಳುವುದಿಲ್ಲ.

ಆಭಾ ಸಂಖ್ಯೆ

2021ರ ಸೆಪ್ಟೆಂಬರ್‌ನಲ್ಲಿ ದೇಶದಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನಡಿ 14 ಅಂಕಿಗಳ ಆಭಾ ಸಂಖ್ಯೆ ಸಿಗುತ್ತದೆ. ಮಾಡಿಸಿಕೊಳ್ಳುವುದು ನಿಮ್ಮ ಇಷ್ಟ. ಬೇರೆ ಬೇರೆ ಆಸ್ಪತ್ರೆಗಳ ದಾಖಲೆಗಳನ್ನು ಇದಕ್ಕೆ ಜೋಡಿಸಬಹುದು. ಯಾರು, ಯಾವ ದಾಖಲೆಯನ್ನು, ಎಲ್ಲಿಯವರೆಗೆ ನೋಡಬಹುದೆಂದು ನೀವು ಒಪ್ಪಿಗೆ ಕೊಡುತ್ತೀರಿ, ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಲೂಬಹುದು. ಕಟ್ಟಿದ ರೀತಿಯಲ್ಲಿ ಇದು ಗೋಪ್ಯತೆಯನ್ನು ಗೌರವಿಸುತ್ತದೆ. ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವವರಿಗೆ, ಹಳೆಯ ಫೈಲು ಕಳೆದುಕೊಳ್ಳುವವರಿಗೆ ದೊಡ್ಡ ಅನುಕೂಲ.

ಎರಡು ಮಾತು ಮಾತ್ರ ನೆನಪಿರಲಿ. ಜೋಡಣೆಯಾಗದ ಚಿಕ್ಕ ಕ್ಲಿನಿಕ್ಕಿನ ಚೀಟಿ, ನೀವೇ ಅಂಗಡಿಯಲ್ಲಿ ಕೇಳಿ ಕೊಂಡ ನೋವಿನ ಮಾತ್ರೆ ಅದರಲ್ಲಿ ತಾನಾಗಿ ಬರುವುದಿಲ್ಲ. ಇನ್ನೊಂದು, ಬೀಗದ ಕೈ ಯಾರ ಬಳಿ ಇದೆ ಎಂಬುದು. ಎಷ್ಟೋ ಮನೆಗಳಲ್ಲಿ ಅಮ್ಮನ ಖಾತೆಗೆ ಜೋಡಿಸಿರುವುದು ಮಗನ ಮೊಬೈಲ್ ಸಂಖ್ಯೆ, ಒ.ಟಿ.ಪಿ. ಬರುವುದೂ ಅವನಿಗೇ. ಕಾಗದದ ಮೇಲೆ ಒಪ್ಪಿಗೆ ಅಮ್ಮನದು, ನಿಜದಲ್ಲಿ ಮಗನದು. ಮನೆಯವರಿಂದಲೇ ಮರೆ ಬೇಕಾದ ಹೆಣ್ಣುಮಕ್ಕಳು ತಮ್ಮದೇ ಸಂಖ್ಯೆ ಜೋಡಿಸಿಕೊಳ್ಳದೆ ಇದನ್ನು ಬಳಸಬಾರದು.

ಗೋಪ್ಯತೆ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಕ್ಕು ಸರ್ಕಾರದ ಎದುರು ಮಾತ್ರ ಎಂದುಕೊಳ್ಳುತ್ತೇವೆ. ಔಷಧದ ವಿಷಯದಲ್ಲಿ ಅದು ಹೆಚ್ಚಾಗಿ ಬೇಕಾಗುವುದು ಅಡುಗೆಮನೆಯಲ್ಲಿ, ನಡುಮನೆಯಲ್ಲಿ.

ಫೋಟೊ, ಆ್ಯಪ್, ಕುಟುಂಬದ ವಾಟ್ಸ್‌ಆ್ಯಪ್ ಗುಂಪು

ಚೀಟಿಯ ಫೋಟೊ ತೆಗೆದು ಗುಂಪಿಗೆ ಹಾಕುವುದು ಈಗ ಎಲ್ಲರ ಅಭ್ಯಾಸ. ತುರ್ತಿನಲ್ಲಿ ಕೈಗೆ ಬೇಗ ಸಿಗುತ್ತದೆ, ಅದನ್ನು ಒಪ್ಪುತ್ತೇನೆ. ಆದರೆ ಚೀಟಿಯಲ್ಲಿ ಹೆಸರು, ವಯಸ್ಸು, ರೋಗ, ಆಸ್ಪತ್ರೆ ಎಲ್ಲವೂ ಇರುತ್ತದೆ. ಒಮ್ಮೆ ಹಾಕಿದ್ದು ಹದಿನೈದು ಮೊಬೈಲುಗಳ ಗ್ಯಾಲರಿಯಲ್ಲಿ ಉಳಿದುಬಿಡುತ್ತದೆ. ಗೋಪ್ಯತೆಯ ತಕ್ಕಡಿಯಲ್ಲಿ ಇದಕ್ಕೆ ನನ್ನ ಕೊನೆಯ ಸ್ಥಾನ. ಕಳಿಸಲೇಬೇಕಿದ್ದರೆ ನೋಡಿಕೊಳ್ಳುವ ಒಬ್ಬರಿಗೆ ಮಾತ್ರ, ಮೇಲಿನ ಭಾಗ ಮಡಚಿ ಔಷಧಗಳ ಸಾಲುಗಳಷ್ಟನ್ನೇ ಕಳಿಸಿ.

ಮಾತ್ರೆ ನೆನಪಿಸುವ ಆ್ಯಪ್‌ಗಳು ಒಂಟಿಯಾಗಿರುವ ಹಿರಿಯರಿಗೆ ಒಳ್ಳೆಯವೇ. ಬೀಗ ಹಾಕಿದ ಪರದೆಯ ಮೇಲೆ ಔಷಧದ ಹೆಸರು ಮೂಡದಂತೆ ಸೆಟ್ಟಿಂಗ್ ಬದಲಿಸಿ, ಹೆಸರಿನ ಬದಲು 'ರಾತ್ರಿಯದು' ಎಂದಷ್ಟೇ ಬರೆದಿಡಿ. ಮೊಬೈಲಿನ ತುರ್ತು ಮಾಹಿತಿ ಪುಟವನ್ನು ಬೀಗ ತೆಗೆಯದೆಯೇ ಯಾರಾದರೂ ನೋಡಬಹುದು. ಅಲ್ಲಿ ರಕ್ತ ತೆಳುವಾಗಿಸುವ ಮಾತ್ರೆ, ಇನ್ಸುಲಿನ್, ಬಹುಕಾಲದ ಸ್ಟೀರಾಯ್ಡ್, ಅಲರ್ಜಿ ಇವಿಷ್ಟೇ ಇರಲಿ. ಪ್ರಜ್ಞೆ ತಪ್ಪಿ ಬಿದ್ದಾಗ ಮೊದಲು ಬೇಕಾಗುವುದು ಅವೇ.

ಹೆಸರು ಹೇಳದೆ ಕೇಳುವುದು

ಇದು ಕೆಲವರಿಗಷ್ಟೇ ತಿಳಿದ ದಾರಿ, ಆದರೆ ಮುಚ್ಚಿಡಬೇಕಾದವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಆ ಹೆಣ್ಣುಮಗಳು ಮಾಡಿದ್ದೂ ಇದನ್ನೇ. ಮೈಸೂರಿನ ಜೆ.ಎಸ್.ಎಸ್. ಆಸ್ಪತ್ರೆಯಂಥ ಕಡೆ ವಾರ್ಡಿನಲ್ಲೇ ಕ್ಲಿನಿಕಲ್ ಫಾರ್ಮಸಿಸ್ಟ್‌ಗಳಿದ್ದಾರೆ. ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್ ಬೆಂಗಳೂರಿನಲ್ಲಿ ಔಷಧ ಮಾಹಿತಿ ಕೇಂದ್ರ ನಡೆಸುತ್ತದೆ. "ಈ ಎರಡು ಔಷಧ ಒಟ್ಟಿಗೆ ಆಗುತ್ತವೆಯೇ?" ಎಂದು ಕೇಳಲು ನಿಮ್ಮ ಹೆಸರು ಬೇಡ. ವಯಸ್ಸು, ಮೂತ್ರಪಿಂಡ ಮತ್ತು ಯಕೃತ್ತು ಹೇಗಿವೆ, ಬಸುರಿಯೇ ಎಂಬುದನ್ನು ಹೇಳಬೇಕು, ಏಕೆಂದರೆ ಉತ್ತರ ಅದರಿಂದ ಬದಲಾಗುತ್ತದೆ. ಅಂತರ್ಜಾಲದಲ್ಲಿ ಔಷಧಗಳನ್ನು ಜೋಡಿಸಿ ನೋಡುವ ಪುಟಗಳೂ ಇವೆ. ಖಾತೆ ತೆರೆಯದೆ ಬಳಸಿ. ಅವು ಸಣ್ಣಪುಟ್ಟದ್ದಕ್ಕೂ ಕೆಂಪು ಎಚ್ಚರಿಕೆ ತೋರಿಸುತ್ತವೆ. ಅದನ್ನು ನೋಡಿ ಮಾತ್ರೆ ನಿಲ್ಲಿಸಬೇಡಿ, ವೈದ್ಯರಿಗೆ ತೋರಿಸಿ. ಔಷಧದಿಂದ ತೊಂದರೆ ಆಗಿಯೇಹೋದರೆ ಮೊದಲು ಚಿಕಿತ್ಸೆ. ಆಮೇಲೆ ವರದಿ ಮಾಡಲು 1800-180-3024 ಎಂಬ ಉಚಿತ ಸಂಖ್ಯೆ ಇದೆ.

ಮುಚ್ಚಿಡಲು ಕಾರಣವಿರುವವರಿಗೆ ಕಾನೂನಿನ ಬೆಂಬಲವೂ ಇದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, ಅದೇ ವರ್ಷದ ಮಾನಸಿಕ ಆರೋಗ್ಯ ಕಾಯ್ದೆ, ಎರಡೂ ನಿಮ್ಮ ವಿವರವನ್ನು ಗೋಪ್ಯವಾಗಿಡುವ ಹೊಣೆಯನ್ನು ಚಿಕಿತ್ಸೆ ಕೊಡುವವರ ಮೇಲೆ ಹೊರಿಸುತ್ತವೆ. ಹೇಳದೆ ಉಳಿದರೆ ಆಗುವ ನಷ್ಟ ನೋಡಿ: ಲಿಥಿಯಂ ತೆಗೆದುಕೊಳ್ಳುವವರು ಬೆನ್ನುನೋವಿಗೆ ಐಬುಪ್ರೊಫೆನ್ ನುಂಗುತ್ತಾ ಹೋದರೆ ಲಿಥಿಯಂ ರಕ್ತದಲ್ಲಿ ಏರಿ ಕೈ ನಡುಕ, ವಾಂತಿ, ಗೊಂದಲ. ಎಚ್‌ಐವಿ ಚಿಕಿತ್ಸೆಯಲ್ಲಿ ರಿಟೊನಾವಿರ್ ಇರುವವರು ಮೂಗಿಗೆ ಫ್ಲುಟಿಕಾಸೋನ್ ಸ್ಪ್ರೇ ಬಳಸಿದರೆ ಆ ಸ್ಟೀರಾಯ್ಡ್ ಮೈಯಲ್ಲೆಲ್ಲ ತುಂಬಿಕೊಳ್ಳುತ್ತದೆ. ಡೊಲುಟೆಗ್ರಾವಿರ್ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಪ್ರಮಾಣವನ್ನು ಏರಿಸುತ್ತದೆ.

ಎಲ್ಲಕ್ಕಿಂತ ತುರ್ತಿನದು ಲೈಂಗಿಕ ದೌರ್ಬಲ್ಯಕ್ಕೆಂದು ಗಂಡಸರು ಹೆಂಡತಿಗೂ ಹೇಳದೆ ನುಂಗುವ ಮಾತ್ರೆ. ಸಿಲ್ಡೆನಾಫಿಲ್ ನುಂಗಿದ 24 ಗಂಟೆಯೊಳಗೆ, ಟಡಲಾಫಿಲ್ ಆದರೆ 48 ಗಂಟೆಯೊಳಗೆ, ಎದೆನೋವಿಗೆ ನಾಲಿಗೆಯಡಿ ನೈಟ್ರೇಟ್ ಮಾತ್ರೆ ಇಟ್ಟರೆ ರಕ್ತದೊತ್ತಡ ಪಾತಾಳಕ್ಕೆ ಇಳಿಯಬಹುದು. ತುರ್ತು ಘಟಕದಲ್ಲಿ ಸುತ್ತ ಮಕ್ಕಳು, ಅಳಿಯಂದಿರು ನಿಂತಿರುತ್ತಾರೆ. "ಡಾಕ್ಟರೇ, ಒಂದು ವಿಷಯ ನಿಮಗೆ ಮಾತ್ರ ಹೇಳಬೇಕು" ಎಂದರೆ ಸಾಕು. ಅಷ್ಟಕ್ಕೇ ಅವರು ಎಲ್ಲರನ್ನೂ ಹೊರಗೆ ಕಳಿಸಬೇಕು. ನರ್ಸಮ್ಮನಿಗಾದರೂ ಹೇಳಿ.

ಯಾರಿಗೆ ಯಾವುದು

ಬಿ.ಪಿ., ಸಕ್ಕರೆ, ಥೈರಾಯ್ಡ್ ಎಂದು ನಾಲ್ಕೈದು ಮಾತ್ರೆಗಳಿರುವ, ಮುಚ್ಚಿಡುವಂಥದ್ದೇನೂ ಇಲ್ಲದ ಹಿರಿಯರಿಗೆ ಪುಸ್ತಕ ಮತ್ತು ಒಂದೇ ಅಂಗಡಿ. ಜಿಲ್ಲಾಸ್ಪತ್ರೆ, ಬೆಂಗಳೂರಿನ ದೊಡ್ಡಾಸ್ಪತ್ರೆ ಎಂದು ಓಡಾಡುವವರು ಇದರ ಜೊತೆ ಆಭಾ ಸೇರಿಸಿಕೊಳ್ಳಲಿ. ದೂರದ ದೇಶದಲ್ಲಿ ಕುಳಿತು ಅಪ್ಪ ಅಮ್ಮನ ಔಷಧ ನೋಡಿಕೊಳ್ಳುವ ಮಕ್ಕಳು ಗುಂಪಿನ ಫೋಟೊಗಳನ್ನು ಬಿಟ್ಟು, ವಾರಕ್ಕೊಮ್ಮೆ ಫೋನಿನಲ್ಲಿ ಪುಸ್ತಕವನ್ನು ಅವರಿಂದಲೇ ಓದಿಸಲಿ. ಯಾವುದು ನಿಂತಿದೆ, ಯಾವುದು ಹೊಸದು ಎಂಬುದು ಆ ಓದಿನಲ್ಲೇ ಬಯಲಾಗುತ್ತದೆ. ಮನೆಯವರಿಂದ ಮರೆ ಬೇಕಾದವರಿಗೆ ಒಳಮಡಿಕೆಯ ಚೀಟಿ ಮತ್ತು ಹೆಸರು ಹೇಳದೆ ಕೇಳುವ ದಾರಿ. ಅವರು ಬೇರೆಲ್ಲವನ್ನೂ ಬಿಟ್ಟರೂ ನಷ್ಟವಿಲ್ಲ.

ಮಂಡಿನೋವಿನ ಆ ಯಜಮಾನರು ತಿಂಗಳ ನಂತರ ಮತ್ತೆ ಬಂದರು. ಮೊಮ್ಮಗಳು ಶಾಲೆಯ ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳನ್ನು ಹೊಲಿದು ಪುಸ್ತಕ ಮಾಡಿಕೊಟ್ಟಿದ್ದಳು. ಮೊದಲ ಸಾಲಿನಲ್ಲೇ ಅಸೆನೊಕೌಮರಾಲ್, ದಪ್ಪ ಅಕ್ಷರದಲ್ಲಿ. ಕೊನೆಯ ಸಾಲು ಅವರದೇ ಕೈಬರಹ: 'ಕೆಮ್ಮಿಗೆ ಜ್ಯೇಷ್ಠಮಧು, ದಿನಾ.' ಅದು ಬಿ.ಪಿ. ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ ಎಂದೆ. "ಬೇರು ತಾನೇ, ಅದನ್ನೂ ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆನಮ್ಮ" ಎಂದು ಪೆನ್ನು ಕೇಳಿ, ಆ ಸಾಲಿನ ಮೇಲೆ ಗೆರೆ ಎಳೆದು, ಅಂದಿನ ತಾರೀಕು ಹಾಕಿದರು.